ತಮ್ಮದು ಯಾವ ಊರಾಯಿತು?

ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರಿಗೆ ಹಾದಿಯುದ್ದಕ್ಕೂ ಎರಡು ಬಗೆಯ ನಿಲ್ದಾಣಗಳು ಎದುರಾಗುತ್ತವೆ. ಒಂದು, ರೈಲ್ವೆಯವರು ಹಳದಿಯ ಹಲಗೆಯ ಮೇಲೆ ಹೆಸರು ಬರೆಸಿಟ್ಟಿರುವ ನಿಲ್ದಾಣಗಳು. ಇನ್ನೊಂದು, ಎದುರಿಗೆ ಕುಳಿತ ಸಹಪ್ರಯಾಣಿಕರು ಕೇಳುವ ಪ್ರಶ್ನೆಗಳು. ಗಾಡಿ ನಾಗನಹಳ್ಳಿಯನ್ನು ದಾಟುವುದರೊಳಗೆ “ತಮ್ಮದು ಯಾವ ಊರಾಯಿತು?” ಎಂಬುದು ಬಂದಿರುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವ ಹೊತ್ತಿಗೆ ಉದ್ಯೋಗದ ವಿಚಾರ, ಮಂಡ್ಯದಲ್ಲಿ ಸಂಬಳದ ವಿಚಾರ, ಮದ್ದೂರಿನಲ್ಲಿ ವಡೆಯ ಜೊತೆಗೆ ಮಕ್ಕಳ ಮದುವೆಯ ವಿಚಾರ. ಚನ್ನಪಟ್ಟಣವನ್ನು ಮುಟ್ಟುವಷ್ಟರಲ್ಲಿ ನಮ್ಮ ವಿಷಯದಲ್ಲಿ ಅವರಿಗೆ ತಿಳಿಯದೆ ಉಳಿದದ್ದು ಬಹಳವೇನೂ ಇರುವುದಿಲ್ಲ. ಈಚೆಗೆ ಪ್ರತಿಯೊಬ್ಬರ ಕೈಯಲ್ಲಿಯೂ ಫೋನು ಬಂದು, ಎಲ್ಲರೂ ತಲೆ ತಗ್ಗಿಸಿಯೇ ಊರು ಸೇರುವ ಪದ್ಧತಿ ಬಂದಿದೆ. ಆದರೂ ಸುಮಾರು 140 ಕಿಲೋಮೀಟರಿನ ಈ ಹಾದಿಯಲ್ಲಿ ಹಳೆಯ ಪ್ರಶ್ನಮಾಲೆ ಇನ್ನೂ ಪೂರ್ತಿ ಮಾಯವಾಗಿಲ್ಲ.

ಈ ಪ್ರಶ್ನೆಗಳನ್ನು ನಗೆಯಾಡುವುದು ಸುಲಭ. ಪಾಶ್ಚಾತ್ಯರ ನಯನಾಜೂಕುಗಳನ್ನು ಪುಸ್ತಕಗಳಲ್ಲಿ ಓದಿಕೊಂಡವರು ಇವನ್ನು ಅನಾಗರಿಕ ಕುತೂಹಲವೆಂದೂ ಕರೆದಾರು. ನನಗೆ ಹಾಗೆ ತೋರುವುದಿಲ್ಲ. ಅಪರಿಚಿತನೊಬ್ಬನನ್ನು ಎದುರಿಗಿಟ್ಟುಕೊಂಡು ಮೂರು ಗಂಟೆಗಳ ಕಾಲ ಕಿಟಕಿಯಾಚೆ ನೋಡುತ್ತ ಕೂಡುವುದು ನಮ್ಮ ಜನಕ್ಕೆ ಒಂದು ಬಗೆಯ ಅವಮರ್ಯಾದೆಯಾಗಿ ಕಂಡಿದೆ. “ಯಾವ ಊರು?” ಎಂದು ಕೇಳುವವನು ಒಂದು ದಾರದ ತುದಿಯನ್ನು ಹುಡುಕುತ್ತಿರುತ್ತಾನೆ. ಉತ್ತರ ಕೊಳ್ಳೇಗಾಲವೆಂದಾದರೆ ಅವನ ಅಕ್ಕನನ್ನು ಅಲ್ಲಿಗೆ ಕೊಟ್ಟಿರುತ್ತದೆ; ತಿರುಮಕೂಡಲು ನರಸೀಪುರವೆಂದಾದರೆ ಅವನು ಅಲ್ಲಿ ಮೂರು ವರ್ಷ ನೌಕರಿ ಮಾಡಿರುತ್ತಾನೆ. ದಾರ ಸಿಕ್ಕಿತೆಂದರೆ ಸಾಕು, ಬುತ್ತಿಯ ಗಂಟು ಬಿಚ್ಚುತ್ತದೆ.

ನಾಡಿನ ಒಂದೊಂದು ಭಾಗದಲ್ಲಿಯೂ ಈ ದಾರವನ್ನು ಹುಡುಕುವ ರೀತಿ ಒಂದೊಂದು. ಧಾರವಾಡದ ಕಡೆಯವರು “ಆರಾಮ ಅದೀರೇನ್ರಿ?” ಎಂದು ಮೊದಲು ಕ್ಷೇಮವನ್ನು ಕೇಳುತ್ತಾರೆ. ನಮ್ಮ ಮೈಸೂರಿನವರು “ಕಾಫಿ ಆಯಿತೆ?” ಎನ್ನುತ್ತಾರೆ, ಆಗಿಲ್ಲವೆಂದರೆ ಏನು ಮಾಡಬೇಕೆಂಬುದನ್ನು ಎಲ್ಲರೂ ಯೋಚಿಸಿಯೇ ಕೇಳುತ್ತಾರೆಂದು ಹೇಳಲಾರೆ. ದಕ್ಷಿಣ ಕನ್ನಡದ ಮತ್ತು ಕಾಸರಗೋಡಿನ ಹಳ್ಳಿಗಳ ಮರ್ಯಾದೆ ಇವೆರಡಕ್ಕಿಂತಲೂ ಒಂದು ಹೆಜ್ಜೆ ಮುಂದೆ. ಅಲ್ಲಿ ಬಿಸಿಲಿನಲ್ಲಿ ಬಂದವನ ಮುಂದೆ ಮೊದಲು ಬೆಲ್ಲವನ್ನೂ ನೀರನ್ನೂ ಇಟ್ಟು, ಅವನ ದಣಿವಾರಿದ ಮೇಲೆ ಬಂದ ಕಾರ್ಯವನ್ನು ವಿಚಾರಿಸುವುದು ಹಿಂದಿನಿಂದ ನಡೆದು ಬಂದ ರೂಢಿ. ಪ್ರಶ್ನೆಗಿಂತ ಮೊದಲು ನೀರು. ಈ ಕ್ರಮದಲ್ಲಿರುವ ವಿವೇಕವನ್ನು ಎಷ್ಟು ಹೊಗಳಿದರೂ ಸಾಲದು. ಬಂದವನು ಯಾರೆಂಬುದು ತಿಳಿಯುವ ಮುನ್ನವೇ ಅವನಿಗೆ ಬಾಯಾರಿಕೆಯಾಗಿದೆ ಎಂಬುದು ತಿಳಿದಿದೆ. ಅಷ್ಟು ಸಾಕು, ಉಳಿದದ್ದು ಆಮೇಲೆ.

ಇಷ್ಟರ ಮಟ್ಟಿಗೆ ನಾನು ಈ ಪ್ರಶ್ನೆಗಳ ಪಕ್ಷಪಾತಿ. ತೊಡಕು ಇರುವುದು ಊರಿನ ಪ್ರಶ್ನೆಯ ಬೆನ್ನಿಗೆ ಬರುವ ಇನ್ನೊಂದು ಪ್ರಶ್ನೆಯಲ್ಲಿ. ಅದು ಹಲವು ವೇಷಗಳಲ್ಲಿ ಬರುತ್ತದೆ. “ತಮ್ಮ ಪೂರ್ತಿ ಹೆಸರು?” ಎಂಬುದು ಒಂದು ವೇಷ. “ಊರಿನಲ್ಲಿ ತಮ್ಮ ಮನೆ ಯಾವ ಬೀದಿಯಲ್ಲಿ?” ಎಂಬುದು ಇನ್ನೊಂದು. “ತಾವು ಮಾಂಸ ತಿನ್ನುವವರೆ?” ಎಂಬುದು ಮೂರನೆಯದು. ವೇಷ ಯಾವುದೂ ಫಲಿಸದೆ ಹೋದಾಗ “ತಾವು ಯಾವ ಜನ?” ಎಂದು ನೇರವಾಗಿಯೇ ಬಂದು ನಿಲ್ಲುತ್ತದೆ. ಇದಕ್ಕೆ ಬರುವ ಉತ್ತರದಿಂದ ಎದುರಿನ ಮನುಷ್ಯನ ವಿಷಯದಲ್ಲಿ ನಮಗೆ ಏನು ತಿಳಿಯಿತು? ಅವನು ಪ್ರಾಮಾಣಿಕನೆ, ಉದಾರಿಯೆ, ಕೊಟ್ಟ ಮಾತಿಗೆ ನಿಲ್ಲುವವನೆ, ನಗಬಲ್ಲವನೆ ಎಂಬುದೊಂದೂ ತಿಳಿಯಲಿಲ್ಲ. ತಿಳಿದದ್ದು ಅವನು ತಾನಾಗಿ ಆರಿಸಿಕೊಳ್ಳದೆ ಇದ್ದ ಒಂದೇ ಒಂದು ಸಂಗತಿ. ಆದರೂ ಈ ಒಂದು ಉತ್ತರದ ಮೇಲೆ ಬಾಗಿಲು ತೆರೆಯುವುದೂ ಉಂಟು, ಮುಚ್ಚುವುದೂ ಉಂಟು.

ಬಾಗಿಲು ಎಂದದ್ದು ಅಲಂಕಾರಕ್ಕಲ್ಲ. ಹಳ್ಳಿಯಿಂದ ಓದಲು ಬಂದ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಬಾಡಿಗೆಗೆ ಕೋಣೆಯೊಂದನ್ನು ಹುಡುಕುತ್ತಿದ್ದ. ಮನೆ ತೋರಿಸಿದರು, ಬಾಡಿಗೆ ಹೇಳಿದರು, ಮುಂಗಡ ಹಣವೂ ಗೊತ್ತಾಯಿತು. ಮನೆಯ ಯಜಮಾನರು ಬಹಳ ವಿನಯದಿಂದ ಕೊನೆಯ ಪ್ರಶ್ನೆಯನ್ನು ಕೇಳಿದರು. ಅವನು ಉತ್ತರ ಹೇಳಿದ. “ನೆಂಟರೊಬ್ಬರು ಬರುವವರಿದ್ದಾರೆ, ಒಂದು ವಾರ ಬಿಟ್ಟು ಬನ್ನಿ” ಎಂದರು. ಇನ್ನೆರಡು ಮನೆಗಳಲ್ಲಿಯೂ ಹೀಗೆಯೇ ಆಯಿತೆಂದು ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಮೊದಲೇ ಕೇಳಿದ್ದರೆ ನನಗೆ ಮೂರು ಮಹಡಿ ಹತ್ತುವುದು ತಪ್ಪುತ್ತಿತ್ತು, ಸಾರ್” ಎಂದು ನಕ್ಕ. ಆ ನಗುವಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ವಿಶ್ವಮಾನವನ ಕನಸನ್ನು ಕಂಡ ಕವಿಯ ಹೆಸರನ್ನು ಒಂದು ಬಡಾವಣೆಗೆ ಇಟ್ಟುಕೊಂಡಿರುವ ಊರು ನಮ್ಮದು.

ಕುಲದ ಪ್ರಶ್ನೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದನ್ನು ಕುರಿತ ಅಸಮಾಧಾನವೂ ನಿನ್ನೆ ಮೊನ್ನೆಯದಲ್ಲ. ಮಹಾಭಾರತದ ರಂಗಸ್ಥಳದಲ್ಲಿ ಕರ್ಣನು ಅರ್ಜುನನಿಗೆ ಎದುರಾಗಿ ನಿಂತಾಗ ಕೃಪಾಚಾರ್ಯರು ಅವನ ತಂದೆತಾಯಿಗಳಾರು, ವಂಶ ಯಾವುದು ಎಂದು ಕೇಳುತ್ತಾರೆ. ಅದುವರೆಗೆ ಬಿಲ್ಲಿನ ಮಾತನ್ನಾಡುತ್ತಿದ್ದ ವೀರನ ಮುಖ ಆ ಒಂದು ಪ್ರಶ್ನೆಗೆ ಬಾಡುತ್ತದೆ. ಆ ಗಳಿಗೆಯಲ್ಲಿ ಅವನನ್ನು ಅಂಗರಾಜನನ್ನಾಗಿ ಮಾಡಿದವನು ದುರ್ಯೋಧನ. ಒಂದು ಪ್ರಶ್ನೆ ತೆಗೆದುಕೊಂಡ ಮಾನವನ್ನು ಒಂದು ರಾಜ್ಯ ಹಿಂದಕ್ಕೆ ಕೊಟ್ಟಿತು. ಅದರ ಸಾಲವನ್ನು ಕರ್ಣನು ತನ್ನ ಪ್ರಾಣದಿಂದ ತೀರಿಸಿದ. ಕುರುಕ್ಷೇತ್ರದ ಕಾರಣಗಳನ್ನು ಎಣಿಸುವವರು ಈ ಪ್ರಶ್ನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನಿಗೂ ಇದೇ ಪ್ರಶ್ನೆ ಎದುರಾಯಿತು. ವಿದ್ಯೆಯನ್ನು ಬೇಡಿ ಬಂದ ಹುಡುಗನನ್ನು ಗೌತಮ ಋಷಿ ಗೋತ್ರವನ್ನು ಕೇಳಿದ. ತಾಯಿಯಾದ ಜಬಾಲೆ ತನಗೆ ತಿಳಿಯದೆಂದು ಹೇಳಿದ್ದನ್ನೇ ಹುಡುಗ ಇದ್ದಂತೆ ಒಪ್ಪಿಸಿದ. ಸತ್ಯವನ್ನು ಬಿಟ್ಟು ಸರಿಯಲಿಲ್ಲವೆಂಬ ಕಾರಣಕ್ಕೆ ಗುರು ಅವನನ್ನು ಸ್ವೀಕರಿಸಿದ. ಗುರುವಿನ ಔದಾರ್ಯ ದೊಡ್ಡದು ನಿಜ. ಆದರೆ ಇಂಥ ಮಾತನ್ನು ಬ್ರಾಹ್ಮಣನಲ್ಲದವನು ಆಡಲಾರನೆಂದು ಹೇಳಿಯೇ ಅವನು ಸ್ವೀಕರಿಸಿದನೆಂಬುದನ್ನೂ ಮರೆಯಬಾರದು. ಹಳೆಯ ಅಳತೆಗೋಲನ್ನು ಬಿಸಾಡದೆ, ಅದನ್ನೇ ತಿರುಗಿಸಿ ಹಿಡಿದಂತಾಯಿತು. ಆ ಕೋಲನ್ನು ಮುರಿಯುವ ಪ್ರಯತ್ನವನ್ನು ಕನ್ನಡದಲ್ಲಿ ಕಾಣಬೇಕಾದರೆ 12ನೆಯ ಶತಮಾನದ ಕಲ್ಯಾಣಕ್ಕೆ ಬರಬೇಕು. ಪರಿಚಯದ ಈ ಪ್ರಶ್ನೆಯನ್ನೇ ವಸ್ತುವಾಗಿ ಮಾಡಿಕೊಂಡು ಬಸವಣ್ಣನವರು ರಚಿಸಿದ ವಚನವೊಂದು ಕನ್ನಡ ಶಾಲೆಗೆ ಹೋದವರಿಗೆಲ್ಲ ಬಾಯಿಪಾಠ. ಕೇಳಿದ ಮೇಲೆ ಉದಾರವಾಗಿ ನಡೆದುಕೊಳ್ಳಿರಿ ಎಂಬುದಲ್ಲ ಅಲ್ಲಿಯ ಬೇಡಿಕೆ. ಆ ಪ್ರಶ್ನೆಯೇ ಏಳದ ಒಂದು ಮನೆ ಬೇಕೆಂಬುದು. ನಾವು ವಚನವನ್ನು ಕಂಠಸ್ಥ ಮಾಡಿಕೊಂಡೆವು. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ.

ಹಾಗಾದರೆ ಒಬ್ಬರನ್ನೊಬ್ಬರು ಅರಿಯುವುದು ಹೇಗೆ? ಏನನ್ನೂ ಕೇಳದೆ ಇರುವುದು ಪರಿಹಾರವಲ್ಲ. ಕೇಳದೆ ಇರುವ ನಗರಗಳನ್ನು ನಾವು ಕಂಡಿದ್ದೇವೆ. ಅಲ್ಲಿ ಪಕ್ಕದ ಮನೆಯವರು ತೀರಿಕೊಂಡದ್ದು ಬಾಗಿಲಲ್ಲಿ ನಿಂತ ವಾಹನದಿಂದ ತಿಳಿಯುತ್ತದೆ. ಬೇಕಾದದ್ದು ಬೇರೆ ಬಗೆಯ ಪ್ರಶ್ನೆ. ನನ್ನ ವಿಚಾರದಲ್ಲಿ ಅಂಥದಕ್ಕೆ ಒಳ್ಳೆಯ ಹೆಸರು ‘ಆಟದ ಪ್ರಶ್ನೆ’. ನಿಜವಾದ ಉತ್ತರ ಇಂಥದೇ ಎಂಬ ಕಟ್ಟಿಲ್ಲದ, ಹೇಳುವವನು ತನಗೆ ಬೇಕಾದಷ್ಟನ್ನು ಹೇಳಿ ಉಳಿದದ್ದನ್ನು ನಗೆಯಲ್ಲಿ ಮರೆಸಬಹುದಾದ ಪ್ರಶ್ನೆ.

ಇಂಥವು ನಮಗೆ ಹೊಸವಲ್ಲ. ಒಬ್ಬರ ಮುಖವನ್ನೊಬ್ಬರು ಸರಿಯಾಗಿ ಕಾಣದೆ ಮದುವೆಯಾಗುತ್ತಿದ್ದ ಕಾಲದಲ್ಲಿ, ಗಂಡುಹೆಣ್ಣುಗಳ ನಡುವಣ ಸಂಕೋಚವನ್ನು ಮುರಿಯುವ ಹೊಣೆಯನ್ನು ಮನೆಯ ಹೆಂಗಸರು ಆಟಕ್ಕೆ ವಹಿಸಿದ್ದರು. ಉರುಟಣೆಯೆಂಬುದು ಅದೇ. ಅರಿಶಿನ ಹಚ್ಚುವುದು, ಹೂವು ಮುಡಿಸುವುದು, ಎರಡೂ ಕಡೆಯವರು ಹಾಡಿನಲ್ಲಿಯೇ ಒಬ್ಬರನ್ನೊಬ್ಬರು ಕೆಣಕುವುದು, ಇವುಗಳ ಮಧ್ಯೆ ಎರಡು ದಿನಗಳ ಹಿಂದೆ ಅಪರಿಚಿತರಾಗಿದ್ದವರು ಮೊದಲ ಬಾರಿಗೆ ಮಾತನಾಡುತ್ತಿದ್ದರು. ಗಂಡನ ಹೆಸರನ್ನು ಬಾಯಲ್ಲಿ ಎತ್ತಬಾರದೆಂಬ ಕಟ್ಟಳೆಯಿದ್ದ ಸಮಾಜದಲ್ಲಿ, ಹೊಸ ಸೊಸೆಯನ್ನು ಹೊಸಲಿನಲ್ಲಿ ಅಡ್ಡಗಟ್ಟಿ “ಗಂಡನ ಹೆಸರು ಹೇಳು, ಒಳಗೆ ಬಿಡುತ್ತೇವೆ” ಎನ್ನುವ ಆಟವೂ ಇತ್ತು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಒಡಪು ಹೇಳುವುದು ಎನ್ನುತ್ತಾರೆ. ಹೆಸರನ್ನು ನೇರವಾಗಿ ಹೇಳದೆ, ಪ್ರಾಸ ಕೂಡಿದ ಎರಡು ಮೂರು ಸಾಲುಗಳನ್ನು ಕಟ್ಟಿ, ಅವುಗಳ ಕೊನೆಗೆ ಹೆಸರನ್ನು ಜಾರಿಸಬೇಕು.

ಈ ಆಟದ ಜಾಣತನವನ್ನು ಗಮನಿಸಬೇಕು. ಪ್ರಶ್ನೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತಿದೆ. ಹೆಸರು ಲಗ್ನಪತ್ರಿಕೆಯಲ್ಲಿಯೇ ಅಚ್ಚಾಗಿರುತ್ತದೆ. ಅವರಿಗೆ ಬೇಕಾಗಿರುವುದು ಹೆಸರಲ್ಲ, ಹುಡುಗಿ. ಅವಳು ನಾಚಿ ತಲೆ ತಗ್ಗಿಸುವಳೆ, ತವರಿನಲ್ಲಿ ಕಲಿತದ್ದನ್ನು ಒಪ್ಪಿಸುವಳೆ, ಅಥವಾ ಅಲ್ಲಿಯೇ ಹೊಸದೊಂದನ್ನು ಕಟ್ಟಿ ಅತ್ತೆಯ ಕಡೆಗೂ ಒಂದು ಬಾಣ ಬಿಡುವಳೆ ಎಂಬುದರಲ್ಲಿ ಅವಳ ಸ್ವಭಾವದ ಒಂದು ಮುಖ ಬೆಳಗುತ್ತದೆ. ಬಾಯಿಬಿಡದವಳನ್ನೂ ಕೊನೆಗೆ ಒಳಗೆ ಬಿಟ್ಟೇ ಬಿಡುತ್ತಾರೆ. ಉತ್ತರ ತಪ್ಪಿದರೂ ಬಾಗಿಲು ಮುಚ್ಚುವುದಿಲ್ಲ. ಬಾಡಿಗೆಯ ಮನೆಯ ಪ್ರಶ್ನೆಗೂ ಹೊಸಲಿನ ಈ ಪ್ರಶ್ನೆಗೂ ಇರುವ ವ್ಯತ್ಯಾಸ ಇಷ್ಟರಲ್ಲಿಯೇ ಇದೆ. ಅದೇ ಹುಡುಗಿಯನ್ನು ನೋಡಲು ಬಂದ ದಿನ “ಹಾಡಲು ಬರುತ್ತದೆಯೆ? ಅಡಿಗೆ ಬರುತ್ತದೆಯೆ?” ಎಂದು ಕೇಳಿದ್ದು ಮಾತ್ರ ಆಟವಾಗಿರಲಿಲ್ಲ. ಅದು ಪರೀಕ್ಷೆ, ಕೇಳುವವರೂ ತೀರ್ಪು ಕೊಡುವವರೂ ಒಂದೇ ಪಕ್ಷದವರಾಗಿದ್ದ ಪರೀಕ್ಷೆ.

ಪರೀಕ್ಷೆಯ ಪ್ರಶ್ನೆಗೂ ಆಟದ ಪ್ರಶ್ನೆಗೂ ಇರುವ ಈ ಭೇದವನ್ನು ವ್ಯಾಸರು ಯಕ್ಷಪ್ರಶ್ನೆಯ ಪ್ರಸಂಗದಲ್ಲಿ ಸೊಗಸಾಗಿ ಇಟ್ಟಿದ್ದಾರೆ. ಕೊಳದ ದಡದಲ್ಲಿ ನಾಲ್ವರು ತಮ್ಮಂದಿರೂ ಬಿದ್ದಿರಲು ಯುಧಿಷ್ಠಿರನು ಯಕ್ಷನ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸುತ್ತಾನೆ. ಅವೆಲ್ಲಕ್ಕೂ ಸರಿಯುತ್ತರಗಳಿವೆ, ಓದಿಕೊಂಡವನು ಹೇಳಬಲ್ಲ. ಅವುಗಳಿಂದ ಧರ್ಮರಾಯನ ಪಾಂಡಿತ್ಯ ತಿಳಿಯಿತೇ ಹೊರತು ಧರ್ಮರಾಯ ತಿಳಿಯಲಿಲ್ಲ. ಕೊನೆಗೆ ಯಕ್ಷ, “ನಾಲ್ವರಲ್ಲಿ ಒಬ್ಬನು ಬದುಕಬಹುದು, ಯಾರು ಬೇಕು?” ಎಂದ. ಇದಕ್ಕೆ ಯಾವ ಶಾಸ್ತ್ರದಲ್ಲಿಯೂ ಸಿದ್ಧವಾದ ಉತ್ತರವಿಲ್ಲ. ಭೀಮಾರ್ಜುನರ ತೋಳಬಲದ ಮೇಲೆಯೇ ರಾಜ್ಯದ ಆಸೆಯೆಲ್ಲ ನಿಂತಿದ್ದರೂ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದು ಯುಧಿಷ್ಠಿರನು ನಕುಲನನ್ನು ಕೇಳಿದ. ಅಷ್ಟು ಹೊತ್ತಿನ ಮೇಲೆ ಆ ಮನುಷ್ಯ ಕಾಣಿಸಿಕೊಂಡ. ಆಯ್ಕೆಯನ್ನು ಕೇಳುವ ಪ್ರಶ್ನೆ ಮನುಷ್ಯನನ್ನು ತೋರಿಸುವಷ್ಟು, ಮಾಹಿತಿಯನ್ನು ಕೇಳುವ ಪ್ರಶ್ನೆ ತೋರಿಸಲಾರದು.

ಇನ್ನು ಉತ್ತರಕ್ಕಿಂತ ಉತ್ತರದ ರೀತಿ ಮುಖ್ಯವೆಂಬುದಕ್ಕೆ ನಮ್ಮ ನಾಡಿನ ನೆಲಕ್ಕೇ ಸೇರಿದ ಕಥೆಯೊಂದಿದೆ. ಹಂಪೆ ಆನೆಗೊಂದಿಗಳ ಸುತ್ತಣ ಬೆಟ್ಟಗಳನ್ನೇ ಕಿಷ್ಕಿಂಧೆಯೆಂದು ಜನ ನಂಬಿದ್ದಾರೆ. ಅಲ್ಲಿ ಹನುಮಂತನು ಭಿಕ್ಷುವಿನ ವೇಷದಲ್ಲಿ ಬಂದು ರಾಮಲಕ್ಷ್ಮಣರನ್ನು ‘ನೀವು ಯಾರು?’ ಎಂದು ವಿಚಾರಿಸುತ್ತಾನೆ. ರಾಮನು ಒಡನೆಯೇ ಉತ್ತರ ಹೇಳುವುದಿಲ್ಲ. ಲಕ್ಷ್ಮಣನತ್ತ ತಿರುಗಿ, ಇಷ್ಟು ಹೊತ್ತು ಮಾತನಾಡಿಯೂ ಒಂದು ಅಪಶಬ್ದವನ್ನು ಆಡದ ಇವನು ವೇದವ್ಯಾಕರಣಗಳನ್ನು ಬಲ್ಲವನೇ ಸರಿ ಎಂಬರ್ಥದ ಮಾತನ್ನಾಡುತ್ತಾನೆ. ಕೇಳಲು ಬಂದವನೇ ಮೊದಲು ಪರಿಚಿತನಾಗಿಬಿಟ್ಟ! ಪ್ರಶ್ನೆ ಎರಡು ಮುಖದ ಕನ್ನಡಿ. ರೈಲಿನಲ್ಲಿ ಮೊದಲು ಸಂಬಳವನ್ನು ಕೇಳುವವರು, ಮೊದಲು ಜಾತಿಯನ್ನು ಕೇಳುವವರು, ಮೊದಲು “ಊಟಕ್ಕೆ ಏನು ತಂದಿದ್ದೀರಿ?” ಎಂದು ಕೇಳುವವರು, ತಮ್ಮ ಪ್ರಶ್ನೆಯಿಂದಲೇ ತಾವು ಯಾರೆಂಬುದನ್ನು ಹೇಳಿಕೊಂಡಿರುತ್ತಾರೆ.

ಒಂದೇ ಒಂದು ಒಳ್ಳೆಯ ಪ್ರಶ್ನೆ ಏನು ಮಾಡಬಲ್ಲದೆಂಬುದಕ್ಕೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಈ ಊರಿಗೆ ಬಂದಿದ್ದಾಗ, ಇನ್ನೂ ಇಪ್ಪತ್ತು ತುಂಬದ ಪುಟ್ಟಪ್ಪನವರು ತಾವು ಬರೆದ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ಕಸಿನ್ಸರು ಕವನಗಳನ್ನು ನೋಡಿದರು, ಖಾದಿಯುಟ್ಟ ತರುಣನನ್ನೂ ನೋಡಿದರು. ನಿಮ್ಮ ಭಾಷೆಯಲ್ಲಿ ಏನನ್ನಾದರೂ ಬರೆದಿದ್ದೀರಾ ಎಂದು ಕೇಳಿದರು. ದೊಡ್ಡ ಭಾವನೆಗಳನ್ನು ಹೊರುವ ಶಕ್ತಿ ಕನ್ನಡಕ್ಕೆ ಸಾಲದೆಂಬ ಅರ್ಥದ ಉತ್ತರವನ್ನು ತರುಣ ಕೊಟ್ಟನೆಂಬುದನ್ನು ಕುವೆಂಪು ಅವರೇ ಮುಂದೆ ನೆನೆದುಕೊಂಡಿದ್ದಾರೆ. ಆ ಉತ್ತರ ಆ ಕಾಲದ ವಿದ್ಯಾವಂತ ಕನ್ನಡಿಗರೆಲ್ಲರ ಮನಸ್ಸನ್ನು ಬಯಲು ಮಾಡುವಂಥದು. ಪ್ರಶ್ನೆ ಮಾತ್ರ ಒಳಗೆ ನಿಂತಿತು. ಕವಿ ಕನ್ನಡದ ಕಡೆಗೆ ತಿರುಗಿದರು. ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಹೊರಬಂದಿತು. 1967ರ ಜ್ಞಾನಪೀಠ ಪ್ರಶಸ್ತಿ ಅದಕ್ಕೆ ಸಂದಿತು. ಕಸಿನ್ಸರು ಆ ಹುಡುಗನ ಊರನ್ನಾಗಲಿ ಕುಲವನ್ನಾಗಲಿ ಹಿಡಿದು ಹೊರಟಿದ್ದರೆ ಮಲೆನಾಡಿನ ಕುಪ್ಪಳಿಯೆಂಬ ಹೆಸರೊಂದು ಅವರಿಗೆ ತಿಳಿಯುತ್ತಿತ್ತು, ಅಷ್ಟೆ. ಅವರು ಕೇಳಿದ್ದು, ಹುಡುಗ ಏನಾಗಿ ಬಂದಿದ್ದಾನೆ ಎಂಬುದನ್ನಲ್ಲ, ಏನಾಗಲು ಮನಸ್ಸು ಮಾಡಿದ್ದಾನೆ ಎಂಬುದನ್ನು.

ಪಶ್ಚಿಮದಲ್ಲಿ 19ನೆಯ ಶತಮಾನದ ಇಂಗ್ಲೆಂಡಿನ ಮನೆಗಳಲ್ಲಿ ಆಟದ ಪ್ರಶ್ನೆಗಳು ಒಂದು ದೊಡ್ಡ ಗೀಳಾಗಿದ್ದುವು. ಬಂದ ಅತಿಥಿಗಳ ಮುಂದೆ ಒಂದು ಆಲ್ಬಮ್ಮನ್ನು ಇಡುವರು. ಮೆಚ್ಚಿನ ಬಣ್ಣ ಯಾವುದು, ಮೆಚ್ಚಿನ ನಾಯಕ ಯಾರು, ಯಾವ ದೋಷವನ್ನು ಕ್ಷಮಿಸುವಿರಿ, ಯಾವುದನ್ನು ಕ್ಷಮಿಸಲಾರಿರಿ ಎಂಬಂಥ ಪ್ರಶ್ನೆಗಳು. 1865ರಲ್ಲಿ ಕಾರ್ಲ್ ಮಾರ್ಕ್ಸನೂ ಮನೆಯ ಹೆಣ್ಣುಮಕ್ಕಳ ಒತ್ತಾಯಕ್ಕೆ ಇಂಥದೊಂದನ್ನು ತುಂಬಿದ. ಮೆಚ್ಚಿನ ಬಣ್ಣ ಕೆಂಪು, ಮೆಚ್ಚಿನ ಕೆಲಸ ಪುಸ್ತಕದ ಹುಳುವಾಗಿರುವುದು, ಅತ್ಯಂತ ಹೇಸುವ ದೋಷ ಗುಲಾಮ ಬುದ್ಧಿ, ಕ್ಷಮಿಸಬಲ್ಲ ದೋಷ ಬೇಗ ನಂಬಿಬಿಡುವ ಸ್ವಭಾವ ಎಂದ. ಅವನ ದಪ್ಪ ಗ್ರಂಥಗಳಿಗೆ ಹೆದರುವವರೂ ಈ ಒಂದು ಪುಟದಲ್ಲಿ ಅವನನ್ನು ಸಂಧಿಸಬಹುದು. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಮಾರ್ಸೆಲ್ ಪ್ರೂಸ್ತನೆಂಬ ಹುಡುಗ ಗೆಳತಿಯ ಆಲ್ಬಮ್ಮಿನಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಬರೆದ. ದುಃಖದ ಪರಮಾವಧಿ ಯಾವುದು ಎಂಬುದಕ್ಕೆ ಅವನು ಬರೆದದ್ದು, ಅಮ್ಮನಿಂದ ದೂರವಾಗುವುದು ಎಂದು. ಮುಂದೆ ಅವನ ಮಹಾಕಾದಂಬರಿಯ ಆರಂಭದಲ್ಲಿಯೇ ರಾತ್ರಿ ಅಮ್ಮನ ಮುತ್ತಿಗಾಗಿ ಕಾತರಿಸುವ ಬಾಲಕನೊಬ್ಬ ಬರುತ್ತಾನೆ. ಆಟಕ್ಕೆ ಬರೆದ ಒಂದು ಸಾಲಿನಲ್ಲಿ ಇಡೀ ಜೀವನದ ಕೃತಿಯ ಬೀಜವಿತ್ತು.

ನಮ್ಮ ಕಾಲೇಜುಗಳಲ್ಲಿ ಇದೇ ಆಲ್ಬಮ್ಮು ಮೊದಲು ಆಟೋಗ್ರಾಫ್ ಪುಸ್ತಕವಾಗಿ, ಆಮೇಲೆ ‘ಸ್ಲಾಮ್ ಬುಕ್’ ಎಂಬ ವಿಚಿತ್ರ ಹೆಸರಿನಲ್ಲಿ ಬಂದಿತು. ಕೊನೆಯ ವರ್ಷದ ಕೊನೆಯ ತಿಂಗಳು ಬಂತೆಂದರೆ ಬಣ್ಣದ ಹಾಳೆಯ ಪುಸ್ತಕಗಳು ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದುವು. ಮೆಚ್ಚಿನ ನಟ, ಮೆಚ್ಚಿನ ತಿಂಡಿ, ಮರೆಯಲಾಗದ ದಿನ, ನನ್ನನ್ನು ಮೊದಲು ನೋಡಿದಾಗ ಏನನ್ನಿಸಿತು? ವಿದ್ಯಾರ್ಥಿಗಳ ಪ್ರೀತಿಯಿಂದ ಇಂಥ ಪುಸ್ತಕಗಳಲ್ಲಿ ನಾನೂ ಬರೆದಿದ್ದೇನೆ. ಹಿಂದಿನವರು ಬರೆದದ್ದನ್ನು ಹಾಳೆ ತಿರುವಿ ಓದಿಯೂ ಇದ್ದೇನೆ. ಬಹುಮಂದಿಯ ಉತ್ತರಗಳು ಒಂದೇ. ಮೊದಲು ಬರೆದವನು ಮಸಾಲೆದೋಸೆ ಎಂದಿದ್ದರೆ ಅರ್ಧ ತರಗತಿಗೆ ಮಸಾಲೆದೋಸೆಯೇ ಪ್ರಿಯ. ಆದರೆ ಉತ್ತರ ಒಂದೇ ಆದಾಗಲೂ ಬರೆದವರು ಒಂದೇ ಆಗಿರಲಿಲ್ಲ. ಒಬ್ಬಳು ಬರೆದು ಹೊಡೆದು ಮತ್ತೆ ಬರೆದಿರುವಳು. ಒಬ್ಬನು ‘ಬೇರೆಯವರು ಏನು ಬರೆದಿದ್ದಾರೆ?’ ಎಂದು ನೋಡದೆ ಪೆನ್ನು ಮುಟ್ಟಲಾರ. ಇನ್ನೊಬ್ಬನು ಎಲ್ಲ ಮನೆಗಳನ್ನೂ ತುಂಬಿ, ‘ಬಾಲ್ಯದ ಸವಿನೆನಪು’ ಎಂಬ ಮನೆಯೊಂದನ್ನು ಖಾಲಿ ಬಿಟ್ಟಿರುವನು. ಆ ಪುಸ್ತಕದಲ್ಲಿ ಅತ್ಯಂತ ಹೆಚ್ಚು ಮಾತನಾಡಿದ್ದು ಆ ಖಾಲಿ ಮನೆಯೇ.

ಈ ಆಟವನ್ನು ಮನಶ್ಶಾಸ್ತ್ರಜ್ಞರೂ ಪರೀಕ್ಷಿಸಿ ನೋಡಿದ್ದಾರೆ. 1997ರಲ್ಲಿ ಅಮೆರಿಕದ ಆರ್ಥರ್ ಆರನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಪರಿಚಿತರಾದ ಇಬ್ಬಿಬ್ಬರನ್ನು ಕೂಡಿಸಿ 36 ಪ್ರಶ್ನೆಗಳನ್ನು ಕೊಟ್ಟರು. ಜಗತ್ತಿನಲ್ಲಿ ಯಾರನ್ನು ಬೇಕಾದರೂ ಊಟಕ್ಕೆ ಕರೆಯಬಹುದಾದರೆ ಯಾರನ್ನು ಕರೆಯುವಿರಿ ಎಂಬುದರಿಂದ ಮೊದಲಾಗಿ, ಪ್ರಶ್ನೆಗಳು ಸ್ವಲ್ಪ ಸ್ವಲ್ಪವಾಗಿ ಆಳಕ್ಕೆ ಇಳಿಯುತ್ತವೆ. ಸುಮಾರು ಮುಕ್ಕಾಲು ಗಂಟೆ ಹೀಗೆ ಕಳೆದವರು, ಅಷ್ಟೇ ಹೊತ್ತು ಲೋಕಾಭಿರಾಮ ಮಾತನಾಡಿದವರಿಗಿಂತ ಹೆಚ್ಚು ಹತ್ತಿರವಾದಂತೆ ಭಾವಿಸಿದರು. ಪ್ರಶ್ನೆಗಳ ಸೊಗಸಿಗಿಂತ ಆ ಪ್ರಯೋಗದ ಒಂದು ನಿಯಮವೇ ನನಗೆ ಹಿರಿದಾಗಿ ತೋರುತ್ತದೆ. ಅಲ್ಲಿ ಪ್ರತಿಯೊಂದು ಪ್ರಶ್ನೆಗೂ ಇಬ್ಬರೂ ಉತ್ತರ ಹೇಳಬೇಕು. ಒಬ್ಬನು ತೆರೆದುಕೊಳ್ಳುತ್ತ, ಇನ್ನೊಬ್ಬನು ಕೈಕಟ್ಟಿ ನೋಡುತ್ತ ಕೂಡುವಂತಿಲ್ಲ.

ಈ ನಿಯಮ ತಪ್ಪಿದರೆ ಆಟದ ಪ್ರಶ್ನೆಯೂ ಹಿಂಸೆಯಾಗುತ್ತದೆ. ಹಾಸ್ಟೆಲುಗಳಲ್ಲಿ ‘ಪರಿಚಯ ಮಾಡಿಕೊಳ್ಳುವುದು’ ಎಂಬ ಹೆಸರಿನಲ್ಲಿಯೇ ರ‍್ಯಾಗಿಂಗ್ ನಡೆದು, ಅದನ್ನು ತಡೆಯಲು 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಕಠಿಣವಾದ ನಿಯಮಗಳನ್ನು ತರಬೇಕಾಯಿತು. ಎಂಟು ಜನ ಹಿರಿಯರು ಸುತ್ತ ನಿಂತು ಒಬ್ಬ ಹೊಸಬನನ್ನು ಕೇಳುವುದು ಎಷ್ಟೇ ನಗೆಯ ಪ್ರಶ್ನೆಯಾದರೂ ಅದು ಆಟವಲ್ಲ. ಆಟದಿಂದ ಎದ್ದು ಹೋಗುವ ಸ್ವಾತಂತ್ರ್ಯ ಅಲ್ಲಿ ಅವನಿಗಿಲ್ಲ. ಇನ್ನೊಂದು ಹೊಸ ಬಗೆಯ ಮೋಸ ಫೋನುಗಳಲ್ಲಿ ಓಡಾಡುತ್ತಿದೆ. ನಿಮ್ಮ ಮೊದಲ ಶಾಲೆ ಯಾವುದು, ಮೊದಲು ಸಾಕಿದ ನಾಯಿಯ ಹೆಸರೇನು, ತಾಯಿಯ ತವರುಮನೆಯ ಹೆಸರೇನು ಎಂದು ತಮಾಷೆಯಾಗಿ ಕೇಳುವ ಪಟ್ಟಿಗಳು ಬರುತ್ತವೆ. ಗುಟ್ಟಿನ ಪದವನ್ನು ಮರೆತಾಗ ಖಾತೆಯ ಯಜಮಾನರು ನಾವೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಕೇಳುತ್ತ ಬಂದಿರುವ ಪ್ರಶ್ನೆಗಳು ಇವೇ. ನಗುನಗುತ್ತ ಉತ್ತರ ಹೇಳಿದವರು ಬೀಗದ ಕೈಯನ್ನೇ ದಾನ ಮಾಡಿದಂತೆ.

ನಮ್ಮಂಥ ಮೇಷ್ಟರುಗಳಿಗೂ ಈ ಮಾತು ಅನ್ವಯಿಸುತ್ತದೆ. ಮೊದಲ ದಿನದ ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, ತಂದೆಯ ಹೆಸರು, ತಂದೆಯ ಉದ್ಯೋಗ, ಓದಿದ ಶಾಲೆ ಎಂದು ಕೇಳುವುದು ಬಹುಕಾಲದ ಪದ್ಧತಿ. ತರಗತಿಯಲ್ಲಿ ವಿದ್ಯಾರ್ಥಿಗಳ ಜಾತಿಯನ್ನು ಸಾರುವುದು ತಾರತಮ್ಯವೆಂದು ಅದೇ ಆಯೋಗದ 2012ರ ನಿಯಮಗಳು ಹೇಳಿದುವು. ಜಾತಿಯನ್ನು ಕೇಳದೆಯೇ ಸಾರುವ ಪ್ರಶ್ನೆಗಳೂ ಇವೆಯಲ್ಲ! “ತಂದೆ ಏನು ಮಾಡುತ್ತಾರೆ?” ಎಂದಾಗ ಒಬ್ಬನು “ವೈದ್ಯರು” ಎಂದು ಗಟ್ಟಿಯಾಗಿ ಹೇಳಿ ಕೂಡುತ್ತಾನೆ, ಇನ್ನೊಬ್ಬಳು “ಕೂಲಿ” ಎಂದು ಹೇಳಿ ಕುಳಿತವಳು ಮೂರು ವರ್ಷ ಆ ತರಗತಿಯಲ್ಲಿ ಮತ್ತೆ ಬಾಯಿ ತೆರೆಯದೆ ಇರಬಹುದು. “ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ?” ಎಂಬುದು ಮುಗ್ಧವಾದ ಪ್ರಶ್ನೆಯಂತೆ ಕಾಣುತ್ತದೆ, ರಜೆಯೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದ ಹುಡುಗನೊಬ್ಬ ಎದ್ದು ನಿಲ್ಲುವವರೆಗೆ.

ಆದ್ದರಿಂದ ಈಚಿನ ವರ್ಷಗಳಲ್ಲಿ ಮೊದಲ ದಿನ ನಾನು ಒಂದೇ ಪ್ರಶ್ನೆಯನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಆಡುವ, ನಮಗಾರಿಗೂ ತಿಳಿಯದ, ಅಥವಾ ಪುಸ್ತಕದಲ್ಲಿ ಕಾಣದ ಒಂದು ಮಾತನ್ನು ಹೇಳಿ. ಬೇಡವೆಂದವರು ಮುಂದಿನವರಿಗೆ ಸರದಿಯನ್ನು ಬಿಟ್ಟುಕೊಡಬಹುದು. ಮೊದಲು ನನ್ನದೊಂದನ್ನು ನಾನೇ ಹೇಳಿಬಿಡುತ್ತೇನೆ. ಆಮೇಲೆ ನಡೆಯುವುದನ್ನು ನೋಡುವುದೇ ಒಂದು ಸಂತೋಷ. ಕರಾವಳಿಯಿಂದ ಬಂದವಳು ‘ಆಸರು’ ಎಂದರೆ ಬಾಯಾರಿಕೆ ಎಂದು ತಿಳಿಸುತ್ತಾಳೆ. ಮಂಡ್ಯದ ಹಳ್ಳಿಯ ಹುಡುಗ ಬಹಳ ಹಿಂಜರಿದು, “ನಮ್ಮ ಕಡೆ ಬೆಳಿಗ್ಗೆಗೆ ಹೊತ್ತಾರೆ ಅಂತಾರೆ, ಸಾಯಂಕಾಲಕ್ಕೆ ಬೈಗು ಅಂತಾರೆ ಸಾರ್” ಎನ್ನುತ್ತಾನೆ. ಪಟ್ಟಣದವರು ನಗಲು ಸಿದ್ಧರಾಗುತ್ತಾರೆ. ಆಗ, ‘ಬೈಗು’ ಎಂಬುದು ಹಳಗನ್ನಡದ ಕವಿಗಳು ಬಳಸಿದ ಮಾತೆಂದೂ, ‘ಹೊತ್ತಾರೆ’ಯೊಳಗಿನ ‘ಹೊತ್ತು’ ಹಳಗನ್ನಡದ ‘ಪೊತ್ತು’ ಎಂದೂ ಹೇಳುವ ಅವಕಾಶ ನನ್ನದು. ನಗಲು ಹೊರಟವರು ಬರೆದುಕೊಳ್ಳುತ್ತಾರೆ. ಹುಡುಗ ತಲೆಯೆತ್ತಿ ಕೂಡುತ್ತಾನೆ. ಅವನ ಊರು ತಿಳಿಯಿತು, ಮನೆಯ ಹದ ತಿಳಿಯಿತು, ಅವನ ಸಂಕೋಚವೂ ಧೈರ್ಯವೂ ತಿಳಿದುವು. ಅವನು ಹೇಳಿಕೊಳ್ಳಲು ಬಯಸದ ಯಾವುದನ್ನೂ ಅವನಿಂದ ಕಿತ್ತುಕೊಂಡದ್ದಾಗಲಿಲ್ಲ.

ಇದರಿಂದ ಲೋಕ ತಿದ್ದಿಹೋಗುವುದೆಂದು ನಾನು ಹೇಳುವುದಿಲ್ಲ. ತರಗತಿಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ಹುಡುಗನಿಗೆ ಸಂಜೆ ಬಾಡಿಗೆಯ ಮನೆಯವರು ಕೇಳಿಯೇ ಕೇಳುತ್ತಾರೆ. ಆದರೂ ಒಂದು ಸಮಾಜ ಹೊಸಬರನ್ನು ಮೊದಲು ಏನು ಕೇಳುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಮೊದಲ ಪ್ರಶ್ನೆಗೆ ಬಂದ ಉತ್ತರದ ಮೇಲೆಯೇ ಮುಂದಿನ ಮಾತುಗಳೆಲ್ಲ ನಿಲ್ಲುತ್ತವೆ. ಆದ್ದರಿಂದ ಪರಿಚಯವನ್ನು ಬಯಸುವವರು ಮೂರು ಮಾತುಗಳನ್ನು ನೆನಪಿನಲ್ಲಿಟ್ಟರೆ ಒಳಿತು. ಕೇಳುವ ಪ್ರಶ್ನೆಗೆ ತಾವೇ ಮೊದಲು ಉತ್ತರ ಹೇಳಬೇಕು. ಉತ್ತರ ಹೇಳದೆ ಇರಲು ಎದುರಿನವರಿಗೆ ಅವಕಾಶವಿರಬೇಕು, ಹೇಳದಿದ್ದುದಕ್ಕೆ ಬಾಗಿಲು ಮುಚ್ಚಬಾರದು. ಮನುಷ್ಯ ತಾನು ಆರಿಸಿಕೊಂಡದ್ದನ್ನು ಕೇಳಬೇಕು. ಹುಟ್ಟಿನೊಡನೆ ಅವನ ಹೆಗಲ ಮೇಲೆ ಬಿದ್ದದ್ದನ್ನು, ಅವನಾಗಿ ಹೇಳುವವರೆಗೆ, ಕೇಳಬಾರದು.

ಊರನ್ನು ಕೇಳುವುದಕ್ಕೆ ನನ್ನ ಅಡ್ಡಿಯಿಲ್ಲ. “ತಮ್ಮದು ಯಾವ ಊರಾಯಿತು?” ಎಂಬ ಪ್ರಶ್ನೆಯ ಬೆನ್ನಿಗೇ “ಅಲ್ಲಿ ಈಗ ಮಳೆ ಹೇಗಿದೆ?” ಎಂದು ಕೇಳಿ ನೋಡಿ. ಮಾತು ಬೀದಿಯ ಕಡೆಗೆ, ಕೇರಿಯ ಕಡೆಗೆ ತಿರುಗದೆ, ಕೆರೆಯ ಕಡೆಗೆ, ಬೆಳೆಯ ಕಡೆಗೆ ತಿರುಗುತ್ತದೆ. ಮಳೆಯ ವಿಷಯದಲ್ಲಿ ಹೇಳುವುದಕ್ಕೆ ಏನೂ ಇಲ್ಲದ ಕನ್ನಡಿಗನನ್ನು ನಾನಿನ್ನೂ ಕಂಡಿಲ್ಲ.